ಲೀಲೆಗೆ ಅಧಿಕಾರಿಗಳಾರು?

ಎಂಬತ್ತರ ಹೊಸ್ತಿಲಲ್ಲಿರುವ ನನ್ನ ತಂದೆ ಮೈಸೂರಿನಿಂದ ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗೆ ಆ ಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. “ಬೆಟ್ಟ ಹತ್ತಿದೆ, ಸರಿ. ಮೇಲೆ ದೇವಸ್ಥಾನವಿದೆಯೆ?” “ಇಲ್ಲ, ಅಣ್ಣ.” “ಯಾರದಾದರೂ ಮನೆ?” “ಇಲ್ಲ.” “ಮತ್ತೆ ಹತ್ತಿ ಏನು ಮಾಡಿದೆ?” “ಇಳಿದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಪ್ರಯೋಜನ?” ಎಂದರು.

ಅಣ್ಣ (ನಮ್ಮ ಮನೆಯಲ್ಲಿ ತಂದೆಯನ್ನು ಕರೆಯುವುದೇ ಹಾಗೆ) ಬಹುಕಾಲ ವೇದಾಂತದ ಪಾಠ ಹೇಳಿದವರಾದುದರಿಂದ, ಪ್ರಯೋಜನವೆಂಬುದು ಅವರ ಬಾಯಲ್ಲಿ ಅಂಗಡಿಬೀದಿಯ ಲಾಭನಷ್ಟದ ಮಾತಲ್ಲ. ಯಾವ ಶಾಸ್ತ್ರಗ್ರಂಥವನ್ನು ಕೈಗೆತ್ತಿಕೊಂಡರೂ ಅದರ ವಿಷಯವೇನು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೆಂಥದು, ಅದನ್ನೋದುವುದಕ್ಕೆ ಅಧಿಕಾರಿ ಯಾರು ಎಂಬ ನಾಲ್ಕು ಅನುಬಂಧಗಳನ್ನು ಮೊದಲು ನಿಶ್ಚಯಿಸಿಕೊಂಡಲ್ಲದೆ ಮುಂದಡಿಯಿಡಕೂಡದೆಂಬುದು ಅವರ ಸಂಪ್ರದಾಯದ ನಿಯಮ. ಆ ನಿಯಮವನ್ನು ಅವರು ನಲವತ್ತು ದಾಟಿದ ಮಗಳ ಸೈಕಲ್ ಸವಾರಿಗೂ ಅನ್ವಯಿಸಿದುದರಲ್ಲಿ ಆಶ್ಚರ್ಯವೇನಿಲ್ಲ.

ನಡೆದುದು ಇಷ್ಟೆ. ಸ್ಯಾನ್‌ಫ್ರಾನ್ಸಿಸ್ಕೋ ನಗರದಿಂದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಬಂದರೆ ಸಿಕ್ಕುವ ಮ್ಯಾರಿನ್ ಕೌಂಟಿಯಲ್ಲಿ ನಾವು ಕೆಲವು ವರ್ಷಗಳಿಂದ ವಾಸವಾಗಿದ್ದೇವೆ. ಕಳೆದ ಜುಲೈ ತಿಂಗಳಿನಲ್ಲಿ, ಶಾಲೆಗೆ ಬೇಸಗೆಯ ರಜೆಯಿದ್ದಾಗ, ಎಂಟು ವರ್ಷದ ಮಗಳನ್ನು ಎರಡು ವಾರದ ನಿಸರ್ಗ ಶಿಬಿರವೊಂದಕ್ಕೆ ಸೇರಿಸಿದೆವು; ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಮಧ್ಯಾಹ್ನ ಮೂರಕ್ಕೆ ಕರೆತರಬೇಕು. ಮಕ್ಕಳಿಗೆ ಅಲ್ಲಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ರೆಡ್‌ವುಡ್ ಮರಗಳ ಬುಡದಲ್ಲಿ ಕುಳಿತು, ಮಾಗಿದ ಬಾಳೆಹಣ್ಣಿನ ಬಣ್ಣದ, ಚಿಪ್ಪಿಲ್ಲದ ಬಸವನಹುಳುವೊಂದು ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗುವುದನ್ನು ಅರ್ಧ ಗಂಟೆ ನೋಡಿದರೆ ಅದೇ ಅಂದಿನ ಪಾಠ. ಮೊದಲ ದಿನ ನಾನು ಶಿಬಿರದ ಹೊರಗೆ ಕಾರಿನಲ್ಲಿಯೇ ಕುಳಿತು, ರಜೆ ಹಾಕಿದ್ದರೂ ಕಚೇರಿಯ ಕಾಗದಗಳನ್ನು ತಿರುವುತ್ತಿದ್ದೆನು. ಎರಡನೆಯ ದಿನ ಸಮೀಪದ ಮಿಲ್ ವ್ಯಾಲಿ ಊರಿನಲ್ಲಿ ಕಾಫಿಗೆಂದು ಇಳಿದವಳು, ಹಲ್ಲುಹಲ್ಲಾದ ದಪ್ಪ ಟೈರುಗಳ ಸೈಕಲ್ಲುಗಳು ಅಂಗಡಿಯೊಂದರ ಮುಂದೆ ಬಾಡಿಗೆಗೆ ನಿಂತಿರುವುದನ್ನು ಕಂಡು, ಏಕೆಂದು ಈಗಲೂ ತಿಳಿಯದು, ಒಳಗೆ ಹೋದೆನು.

ಸೈಕಲ್ಲು ನನಗೆ ಹೊಸತಲ್ಲ. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಮಂಡಿ ತರೆಸಿಕೊಂಡು ಕಲಿತವಳು ನಾನು. ಆದರೆ ಮೈಸೂರಿನ ಸೈಕಲ್ಲಿಗೆ ಸದಾ ಒಂದು ಗಮ್ಯವಿರುತ್ತಿತ್ತು: ಕಾಲೇಜು, ಹಿಟ್ಟಿನ ಗಿರಣಿ, ದೇವರಾಜ ಮಾರುಕಟ್ಟೆ. ಚಾಮುಂಡಿ ಬೆಟ್ಟವನ್ನು ನಾವು ಮೆಟ್ಟಿಲು ಹತ್ತಿ ಸೇರುತ್ತಿದ್ದೆವು, ಮೇಲೆ ತಾಯಿ ಇದ್ದುದರಿಂದ. ಸುಮ್ಮನೆ ಏರಿ ಸುಮ್ಮನೆ ಇಳಿಯುವುದಕ್ಕೆ ಸೈಕಲ್ಲನ್ನು ಹೊರಡಿಸಿದ ನೆನಪು ನನಗಿಲ್ಲ.

ಇಲ್ಲಿಯ ಬೆಟ್ಟದ ಹೆಸರು ಟ್ಯಾಮಲ್‌ಪಾಯಸ್. ಹೆಸರಿನ ಕೊನೆಯಲ್ಲಿ ಪಾಯಸವಿರುವುದರಿಂದ ನನ್ನ ಮಗಳಿಗೆ ಅದರ ಮೇಲೆ ವಿಶೇಷ ಪ್ರೀತಿ. ಎತ್ತರ ಎರಡೂವರೆ ಸಾವಿರ ಅಡಿಗಳಿಗೆ ತುಸು ಹೆಚ್ಚು. 1896ರಲ್ಲಿ ಈ ಬೆಟ್ಟಕ್ಕೆ ಮಿಲ್ ವ್ಯಾಲಿಯಿಂದ ರೈಲುಹಾದಿಯೊಂದನ್ನು ಕಟ್ಟಿದರು. ಎಂಟು ಮೈಲಿಗಳಲ್ಲಿ 281 ತಿರುವುಗಳಿದ್ದ ಅದನ್ನು ಲೋಕದಲ್ಲೆಲ್ಲ ಅತಿ ವಕ್ರವಾದ ರೈಲೆಂದು ಅವರು ಹೆಮ್ಮೆಯಿಂದ ಕರೆದುಕೊಳ್ಳುತ್ತಿದ್ದರು. ಆ ರೈಲಿನಲ್ಲಿ ಅದಿರಿಲ್ಲ, ದಿನಸಿಯಿಲ್ಲ. ನೋಡಲೆಂದು ಬಂದ ಜನರೇ ಅದರ ಸರಕು. ಇನ್ನೂ ವಿಚಿತ್ರವೆಂದರೆ, ಮೇಲೆ ತಲುಪಿದವರು ಇಳಿಯುವಾಗ ಎಂಜಿನ್ನಿಲ್ಲದ ಬಂಡಿಗಳಲ್ಲಿ ಕುಳಿತು, ಬ್ರೇಕು ಹಿಡಿದ ಒಬ್ಬಾತನನ್ನು ನಂಬಿ, ಭೂಮಿಯ ಸೆಳೆತವೊಂದರಿಂದಲೇ ರೆಡ್‌ವುಡ್ ಕಾಡಿನವರೆಗೆ ಜಾರಿ ಬರುತ್ತಿದ್ದರು. 1930ರಲ್ಲಿ ರೈಲು ನಿಂತಿತು, ಹಳಿಗಳನ್ನು ಕಿತ್ತರು, ಹಾದಿ ಉಳಿಯಿತು. ನೂರಡಿಗೆ ಏಳಡಿಯನ್ನು ಮೀರದಂತೆ ಎಂಜಿನ್ನಿಗಾಗಿ ಅಳೆದು ತೆಗೆದ ಆ ಏರು ಇಂದು ನನ್ನಂತಹ ಹೊಸಬರ ಕಾಲಿಗೂ ದಕ್ಕುವಂತಿದೆ.

ಬೆಟ್ಟದ ಸೈಕಲ್ಲೆಂಬುದು ರೂಪುಗೊಂಡುದೂ ಈ ಸುತ್ತಿನಲ್ಲಿಯೇ. 1970ರ ದಶಕದಲ್ಲಿ ಇಲ್ಲಿಯ ಕೆಲವು ಯುವಕರು 1930, 40ರ ಕಾಲದ ಹಳೆಯ ಭಾರಿ ಸೈಕಲ್ಲುಗಳನ್ನು, ಹುಡುಗರು ಮನೆಮನೆಗೆ ಪತ್ರಿಕೆ ಹಂಚಲು ಬಳಸಿ ಬಿಸುಟಂಥವನ್ನು, ಹುಡುಕಿ ತಂದು, ಗುಡ್ಡದ ಮೇಲಕ್ಕೆ ಹೇಗೋ ಸಾಗಿಸಿ ಕೆಳಕ್ಕೆ ಬಿಡತೊಡಗಿದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ಅವರ ಮೊದಲ ಪಂದ್ಯ ನಡೆಯಿತು. ಎರಡು ಮೈಲಿಯಲ್ಲಿ ಸಾವಿರದ ಮುನ್ನೂರು ಅಡಿ ಇಳಿಯುವ ಆ ಹಾದಿಯ ಕೊನೆಗೆ, ಹಿಂದಿನ ಚಕ್ರದ ಗುಂಭದೊಳಗಿನ ಬ್ರೇಕು ಕಾದು ಅದರ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿದ್ದುದರಿಂದ, ಪ್ರತಿ ಸಲವೂ ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಹಾಗೆ ಮರಳಿ ತುಂಬುವುದಕ್ಕೆ ಅವರಾಡುತ್ತಿದ್ದ ‘ರೀಪ್ಯಾಕ್’ ಎಂಬ ಮಾತೇ ಹಾದಿಯ ಹೆಸರಾಯಿತು. ಮರುವರ್ಷ ಜೋ ಬ್ರೀಜ್ ಎಂಬಾತನು ಈ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ಬೆಸೆದನು. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಎಂಬಿಬ್ಬರು 1979ರಲ್ಲಿ ಅಂಗಡಿ ತೆರೆದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಇದು ಪದಕದ ಆಟವಾಗಿತ್ತು. ಪದಕದ ಮಾತು ನನಗೆ ಬೇಡ. ಪತ್ರಿಕೆ ಹಂಚುವುದೆಂಬ ಪ್ರಯೋಜನ ಮುಗಿದ ಮೇಲೆ ಆ ಸೈಕಲ್ಲುಗಳಿಗೆ ಎರಡನೆಯ ಜನ್ಮ ಬಂದಿತೆಂಬುದೇ ನನ್ನ ಮನಸ್ಸಿನಲ್ಲಿ ನಿಂತುದು.

ಅಣ್ಣನ ಪ್ರಶ್ನೆಯನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಪೂರ್ವಪಕ್ಷಿಯು ಸಾಕ್ಷಾತ್ ಪರಬ್ರಹ್ಮಕ್ಕೇ ಹಾಕುತ್ತಾನೆ. ಜಗತ್ತನ್ನು ಸೃಷ್ಟಿಸುವುದರಿಂದ ಅದಕ್ಕೆ ಬರುವುದೇನಾದರೂ ಉಂಟೆನ್ನುವುದಾದರೆ ಅದು ನಿತ್ಯತೃಪ್ತವಲ್ಲವೆಂದಾಯಿತು. ಏನೂ ಇಲ್ಲವೆನ್ನುವುದಾದರೆ ಆ ಸೃಷ್ಟಿಗೂ ಬುದ್ಧಿಭ್ರಮಣೆಯಾದವನ ಚೇಷ್ಟೆಗೂ ಭೇದವೇನು? ಸೂತ್ರಕಾರರು ಕೊಡುವ ಸಮಾಧಾನ, ಲೋಕದಲ್ಲಿ ಕಾಣುವಂತೆ ಅದು ಕೇವಲ ಲೀಲೆಯೆಂಬುದು. ಆದರೆ ಯಾರ ಲೀಲೆಯಂತೆ? ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರು, ಸಪ್ತದ್ವೀಪಗಳನ್ನಾಳುವ ಮಹಾರಾಜನೊಬ್ಬನು ಬೇರೇನೂ ಬೇಕಾಗಿರದೆ ಚೆಂಡಾಡುವುದನ್ನು ದೃಷ್ಟಾಂತವಾಗಿ ಹಿಡಿದರು. ಉಡುಪಿಯ ಮಧ್ವರು, ಸುಖವುಕ್ಕಿ ಮತ್ತನಾದವನು ಕುಣಿಯುವುದನ್ನು ನೆನೆದರು. ಶಂಕರರು ಹೇಳುವುದೂ ಬಯಸಿದ್ದೆಲ್ಲ ದೊರೆತ ರಾಜನ ಕ್ರೀಡೆಯನ್ನೇ. ರಾಜನಲ್ಲದಿದ್ದರೆ ಅವನ ಮಂತ್ರಿಯಾದರೂ ಆದೀತೆಂದು ಅವರು ಸ್ವಲ್ಪ ಸಡಿಲಿಸಿರುವರು. ಮನೆಯ ಸಾಲದ ಕಂತು, ಒಗೆಯದ ಬಟ್ಟೆಯ ರಾಶಿ, ಮಂಗಳವಾರದ ಸಭೆಗೆ ಸಿದ್ಧಮಾಡಬೇಕಾದ ಲೆಕ್ಕಪತ್ರ, ಇಷ್ಟನ್ನು ತಲೆಯ ಮೇಲೆ ಹೊತ್ತಿರುವ ಗೃಹಿಣಿಗೆ ಇವುಗಳಲ್ಲಿ ಯಾವ ಬಾಗಿಲೂ ತೆರೆದಿಲ್ಲ. ತುಂಬಿದವರಿಗೆ ಲೀಲೆ, ಕೊರತೆಯಿರುವವರಿಗೆ ಕರ್ಮ. ಹಾಗೆಂದೇ ನಾನು ಬಾಲ್ಯದಿಂದ ತಿಳಿದಿದ್ದುದು.

ಆದರೆ ಶಂಕರರು ಅದೇ ಉಸಿರಿನಲ್ಲಿ ಎರಡನೆಯದೊಂದು ದೃಷ್ಟಾಂತವನ್ನೂ ಕೊಡುತ್ತಾರೆ, ಮತ್ತು ಅದು ಉಸಿರಿನದೇ. ಶ್ವಾಸೋಚ್ಛ್ವಾಸಗಳು ಹೊರಗಿನ ಯಾವ ಪ್ರಯೋಜನವನ್ನೂ ಕೋರದೆ ಸ್ವಭಾವದಿಂದ ನಡೆಯುವಂತೆ, ಎಂದು. ಅಣ್ಣ ಇದನ್ನು ಪಾಠ ಹೇಳುವಾಗ ಪಕ್ಕದ ಕೋಣೆಯಲ್ಲಿ ಕುಳಿತು ಎಷ್ಟೋ ಸಲ ಕೇಳಿದ್ದೆನಾದರೂ, ಅದು ಮೊದಲನೆಯದಕ್ಕಿಂತ ಬೇರೆ ಮಾತೆಂದು ಹೊಳೆದುದು ಆ ರೈಲುಹಾದಿಯ ಏರಿನಲ್ಲಿ.

ಮೊದಲ ದಿನಗಳಲ್ಲಿ ಉಸಿರು ನನ್ನ ಶತ್ರುವಾಗಿತ್ತು. ಮಣಿಕಟ್ಟಿನ ಗಡಿಯಾರ ಎದೆಬಡಿತವನ್ನೂ ದೂರವನ್ನೂ ಏರಿದ ಅಡಿಗಳನ್ನೂ ಎಣಿಸುತ್ತಿತ್ತು. ತಿರುವಿಗೊಮ್ಮೆ ಅದನ್ನು ನೋಡಿಕೊಳ್ಳುವುದು, ನಿಲ್ಲುವುದು, ನೀರು ಕುಡಿಯುವುದು, ನಿನ್ನೆಗಿಂತ ಇಂದು ನಾಲ್ಕು ತಿರುವು ಮುಂದೆ ಬಂದೆನೆಂದು ಬೀಗುವುದು. ಲೋಕದ ಆಟಗಳಲ್ಲಿ ಯಾವುದಾದರೊಂದು ಸೂಕ್ಷ್ಮ ಪ್ರಯೋಜನವನ್ನು ಊಹಿಸಬಹುದಾದರೂ ಈಶ್ವರನ ವಿಷಯದಲ್ಲಿ ಅದು ಸಾಧ್ಯವಿಲ್ಲವೆಂದು ಶಂಕರರು ಎಚ್ಚರಿಕೆಯಿಂದ ಸೇರಿಸಿರುವರಷ್ಟೆ. ಆ ಸೂಕ್ಷ್ಮ ಪ್ರಯೋಜನವನ್ನು ನಾನು ಊಹಿಸಬೇಕಾಗಿರಲಿಲ್ಲ, ಕೈಗೆ ಕಟ್ಟಿಕೊಂಡೇ ಹೋಗುತ್ತಿದ್ದೆನು. ಆರನೆಯ ದಿನ ಗಡಿಯಾರವನ್ನು ಕಾರಿನಲ್ಲಿಯೇ ಬಿಟ್ಟುದು ವೈರಾಗ್ಯದಿಂದಲ್ಲ. ಅದಕ್ಕೆ ವಿದ್ಯುತ್ತು ತುಂಬಲು ಮರೆತಿದ್ದೆನು. ಕಡಲಿನ ಮಂಜು ಇನ್ನೂ ಕಣಿವೆಯಲ್ಲಿತ್ತು. ಬೇ ಮರದ ಎಲೆಗಳ ತೀಕ್ಷ್ಣವಾದ ಕಂಪು ತಿರುವು ತಿರುವಿಗೂ ಬಂದು ಹೋಗುತ್ತಿತ್ತು. ಎಲ್ಲಿಂದಲೆಂದು ಹೇಳಲಾರೆ, ಪೆಡಲಿನ ಸುತ್ತೂ ಉಸಿರಿನ ಸುತ್ತೂ ಒಂದಕ್ಕೊಂದು ಹೊಂದಿಕೊಂಡುವು. ಕಾಲು ಉಸಿರನ್ನು ನಡೆಸುತ್ತಿದೆಯೋ ಉಸಿರು ಕಾಲನ್ನು ನಡೆಸುತ್ತಿದೆಯೋ ಎಂಬ ವಿವೇಚನೆ ಮೂಡಿ, ಉತ್ತರ ಬೇಕಿಲ್ಲದೆ ಅಡಗಿತು. 1904ರಲ್ಲಿ ರೈಲಿನವರು ಕಟ್ಟಿದ ವೆಸ್ಟ್ ಪಾಯಿಂಟ್ ಇನ್ ಎಂಬ ಮರದ ತಂಗುಮನೆ ಎದುರಾದಾಗಲೇ ಇಷ್ಟು ದೂರ ಬಂದೆನೆಂದು ತಿಳಿದುದು. ಅಲ್ಲಿ ಬೆಂಚಿನ ಮೇಲೆ ಕುಳಿತು ಯೋಚಿಸಿದೆನು: ಉಸಿರಾಡುವುದಕ್ಕೆ ಯಾರೂ ತುಂಬಿದವರಾಗಬೇಕಿಲ್ಲ. ಸಾಲಗಾರನೂ ಉಸಿರಾಡುತ್ತಾನೆ, ತಿರುಪೆಯವನೂ ಉಸಿರಾಡುತ್ತಾನೆ. ಲೀಲೆಯು ರಾಜನ ಚೆಂಡಿನಂತಲ್ಲದೆ ಉಸಿರಿನಂತಹುದಾದರೆ ಅದಕ್ಕೆ ಅಧಿಕಾರವು ಪೂರ್ಣತೆಯಿಂದ ಬರತಕ್ಕುದಲ್ಲ, ಜೀವವಿರುವುದರಿಂದಲೇ ಬಂದಿರತಕ್ಕುದು.

ಆ ದಿನ ಇಳಿಯುವಾಗ ಮಧ್ವರ ಕುಣಿತವೂ ನನಗೆ ಸ್ವಲ್ಪ ತಿಳಿಯಿತೆನ್ನಬೇಕು. ಸೀಟಿನಿಂದ ಮೇಲೆದ್ದು, ಪೆಡಲುಗಳ ಮೇಲೆ ನಿಂತು, ಹ್ಯಾಂಡಲನ್ನು ಹಗುರವಾಗಿ ಹಿಡಿ, ಕಲ್ಲನ್ನು ನೋಡಿದೆಯೋ ಕಲ್ಲಿಗೇ ಹೋಗುವೆ, ಹೋಗಬೇಕಾದಲ್ಲಿಗೆ ನೋಡು ಎಂದು ಅಂಗಡಿಯ ಹುಡುಗ ಹೇಳಿಕೊಟ್ಟಿದ್ದ. ಹಾಗೆ ನೋಡುತ್ತಾ ಬಂದ ಹತ್ತು ನಿಮಿಷ ನಾನು ಜೋರಾಗಿ ನಗುತ್ತಿದ್ದೆನೆಂಬುದು ಬಾಯೊಳಕ್ಕೆ ಧೂಳು ಹೋದಾಗ ಗೊತ್ತಾಯಿತು.

ಲೀಲೆಯ ಸೂತ್ರದ ಮುಂದಿನ ಸೂತ್ರವನ್ನು ಮರೆತವರಿಗೆ ಬರುವ ಫಲವೂ ನನಗೆ ಬಂದಿತು. ಜಗತ್ತು ಈಶ್ವರನ ಆಟವಾದರೆ, ಒಬ್ಬನು ಸುಖಿ ಒಬ್ಬನು ದುಃಖಿಯಾಗಿರುವುದರಿಂದ ಅವನಲ್ಲಿ ಪಕ್ಷಪಾತವೂ ನಿರ್ದಯತೆಯೂ ಇವೆಯೆನ್ನಬೇಕಾಗುವುದಿಲ್ಲವೆ ಎಂಬ ಆಕ್ಷೇಪ ಅಲ್ಲಿ ತಕ್ಷಣವೇ ಬರುತ್ತದೆ. ಅವನು ಜೀವರ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುತ್ತಾನೆ, ಮನಸ್ಸಿಗೆ ಬಂದಂತಲ್ಲ, ಎಂಬುದು ಸಮಾಧಾನ. ಎಂಟನೆಯ ದಿನ, ಕಣ್ಣಿಗೆ ಕಾಣದ ತಿರುವೊಂದನ್ನು ನಾನು ಮನಸ್ಸಿಗೆ ಬಂದಂತೆಯೇ ತಿರುಗಿದಾಗ, ಎದುರಿಗೆ ವೃದ್ಧರೊಬ್ಬರು ಊರುಗೋಲಿನೊಡನೆ ನಡೆದು ಬರುತ್ತಿದ್ದರು. ಮುಂದಿನ ಬ್ರೇಕನ್ನು ಅದುಮಿದೆ; ಜಲ್ಲಿಕಲ್ಲಿನ ಮೇಲೆ ಚಕ್ರ ಜಾರಿ, ಮಂಡಿ ತರೆದುಕೊಂಡು ಅವರ ಕಾಲ ಬಳಿ ಬಿದ್ದೆ. ಅವರು ಬಯ್ಯಲಿಲ್ಲ. ಕೋಲನ್ನು ಎದೆಗೆ ಅವುಚಿ ಹಿಡಿದು, ದರೆಗೆ ಬೆನ್ನು ಹಚ್ಚಿ ನಿಂತಿದ್ದರು. ಆ ಕೈ ನಡುಗುತ್ತಿತ್ತು. ಈ ಬೆಟ್ಟದಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿಯ ಮಿತಿಯುಂಟು, ಕಾಣದ ತಿರುವುಗಳಲ್ಲಿ 5ರ ಮಿತಿ. ನಡೆಯುವವರಿಗೂ ಕುದುರೆಗಳಿಗೂ ದಾರಿ ಬಿಡಬೇಕು. 1964ರ ಕಾನೂನಿನಂತೆ ಕಾದಿರಿಸಿದ ವನ್ಯಪ್ರದೇಶಗಳಿಗಂತೂ ಸೈಕಲ್ಲು ಪ್ರವೇಶಿಸಲೇ ಕೂಡದು. ಅದುವರೆಗೆ ಈ ನಿಯಮಗಳನ್ನು ನಾನು ಆಟಕ್ಕೆ ಹೊರಗಿನ ಅಡ್ಡಿಗಳೆಂದು ಎಣಿಸಿದ್ದೆನು. ದೇವರ ಲೀಲೆಗೇ ಇಲ್ಲದ ಸ್ವೇಚ್ಛೆಯನ್ನು ನನ್ನ ಲೀಲೆಗೆ ಕೊಟ್ಟುಕೊಂಡಿದ್ದೆನಲ್ಲ! ಆ ಮುದುಕರೊಡನೆ ಸೈಕಲ್ಲನ್ನು ತಳ್ಳಿಕೊಂಡು ಅರ್ಧ ಮೈಲಿ ನಡೆದೆನು. ಅವರು ಹಕ್ಕಿಗಳ ವಿಷಯ ಮಾತನಾಡಿದರು.

ಇಷ್ಟನ್ನೂ ಶನಿವಾರ ಅಣ್ಣನಿಗೆ ಒಪ್ಪಿಸಿ, ಒಂದು ವಾದವನ್ನೂ ಹೂಡಿದೆನು. ಲೌಕಿಕರೂ ಪರೀಕ್ಷಕರೂ ಸಮನಾಗಿ ಒಪ್ಪುವಂಥದೇ ದೃಷ್ಟಾಂತವೆಂದು ನ್ಯಾಯಶಾಸ್ತ್ರ ಹೇಳುವುದರಿಂದ, ಪರಬ್ರಹ್ಮದ ಲೀಲೆಗೆ ಲೋಕದ ಲೀಲೆಯನ್ನು ದೃಷ್ಟಾಂತವಾಗಿ ಕೊಟ್ಟ ಮೇಲೆ, ಲೋಕದಲ್ಲಿ ನಿಷ್ಪ್ರಯೋಜನವಾದ ಆಟವುಂಟೆಂಬುದು ಮೊದಲೇ ಸಿದ್ಧವಾಯಿತಲ್ಲವೆ; ಹಾಗಿರುವಾಗ ನನ್ನನ್ನು ಪ್ರಯೋಜನ ಕೇಳುವುದೆಂತು?

“ಉಸಿರಿಗೆ ಯಾರಾದರೂ ಬಾಡಿಗೆ ಕೊಡುತ್ತಾರೇನೆ?” ಎಂದರು ಅಣ್ಣ.

ಅದಕ್ಕೆ ನನ್ನಲ್ಲಿ ಪರಿಹಾರವಿರಲಿಲ್ಲ, ಈಗಲೂ ಇಲ್ಲ. ಮಗಳು ಫೋನನ್ನು ಕಸಿದುಕೊಂಡು ತಾತನಿಗೆ ಬಸವನಹುಳುವಿನ ವೃತ್ತಾಂತವನ್ನೆಲ್ಲ ಹೇಳಿದಳು. ಅದು ಎಲ್ಲಿಗೆ ಹೋಗುತ್ತಿತ್ತೆಂದು ಅವರು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಫೋನು ಮತ್ತೆ ನನ್ನ ಕೈಗೆ ಬಂದಾಗ ಮಂಡಿಗೆ ಅರಿಸಿನ ಹಚ್ಚಿದೆಯಾ ಎಂದು ವಿಚಾರಿಸಿದರು. ಆಮೇಲೆ, ಇಡಬೇಕೆಂದಿದ್ದವರು ಇಡದೆ, “ಎಷ್ಟು ತಿರುವು ಎಂದೆ?” ಎಂದರು.

“281, ಅಣ್ಣ.”

“ಎಣಿಸಿದೆಯಾ?”

“ಎಣಿಸುತ್ತಿದ್ದೆ. ನಲವತ್ತರ ಹತ್ತಿರ ಎಲ್ಲೋ ತಪ್ಪಿಹೋಯಿತು.”

“ಹೂಂ,” ಎಂದರು. “ಸೋಮವಾರ ಮತ್ತೆ ಹೋಗುತ್ತೀಯೇನು?”