ನಿದ್ರಿಸುವವನ ಹೊಣೆ



ನಿದ್ದೆಯಲ್ಲಿರುವವನು ಪಾಪ ಪುಣ್ಯಗಳ ಲೆಕ್ಕದಿಂದ ಹೊರಗಿರುತ್ತಾನೆ ಎಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಹನಫೀ ಫಿಕ್ಹ್ ಗ್ರಂಥಗಳಲ್ಲಿ ಒಂದು ಪ್ರಕರಣ ಬರುತ್ತದೆ. ಒಬ್ಬನು ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಪಕ್ಕದಲ್ಲಿ ಮಲಗಿದ್ದವನ ಮೇಲೆ ಉರುಳಿ, ಆತ ಸತ್ತುಹೋದರೆ ವಿಧಿ ಏನು? ಅದು ಬೇಕೆಂದು ಮಾಡಿದ ಕೊಲೆಯಲ್ಲ ನಿಜ, ಆದರೂ ದಿಯತ್, ಅಂದರೆ ರಕ್ತ ಪರಿಹಾರ ತಪ್ಪುವುದಿಲ್ಲ. ಕೊಂದವನು ನಿದ್ದೆಯಲ್ಲಿದ್ದ ಎಂಬ ಕಾರಣಕ್ಕೆ ಸತ್ತವನ ಹಕ್ಕು ಅಳಿದುಹೋಗದು. ಇಂದು ನಮ್ಮ ಅನೇಕ ಮನೆಗಳಲ್ಲಿರುವ ಒಂದು ಕಾಯಿಲೆಯ ಬಗ್ಗೆ ಯೋಚಿಸುವಾಗ ಈ ವಿವೇಚನೆ ನೆನಪಿಗೆ ಬರುತ್ತದೆ.

ಆ ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಜೋರಾಗಿದ್ದ ಗೊರಕೆ ಥಟ್ಟನೆ ನಿಲ್ಲುತ್ತದೆ. 10 ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಉಸಿರಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಬೆಚ್ಚಿ ಎಚ್ಚರಿಸುತ್ತದೆ. ಮತ್ತೆ ಗೊರಕೆ ಶುರು. ಹೀಗೆ ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ 5 ಸಲದೊಳಗಿದ್ದರೆ ವೈದ್ಯರು ಸಹಜ ಎನ್ನುತ್ತಾರೆ, 30 ಮುಟ್ಟಿದರೆ ತೀವ್ರ ಎನ್ನುತ್ತಾರೆ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ! ರಾತ್ರಿಯಿಡೀ ಹೀಗೆ ಹೋರಾಡಿದವನಿಗೆ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಚೆನ್ನಾಗಿಯೇ ಮಲಗಿದ್ದೆ ಎನ್ನುತ್ತಾನೆ. ಆದರೆ ಜುಮಾ ಖುತ್ಬಾದ ನಡುವೆ ತಲೆ ವಾಲುತ್ತದೆ, ರಕ್ತದೊತ್ತಡ ಮಾತ್ರೆಗೆ ಬಗ್ಗುವುದಿಲ್ಲ.

ತನ್ನ ನಿದ್ದೆಗೆ ತಾನೇ ಸಾಕ್ಷಿ ಹೇಳಲು ಯಾರಿಂದಲೂ ಆಗದು. ಸಾಕ್ಷಿ ಇರುವವಳು ಪಕ್ಕದಲ್ಲಿ ಎಚ್ಚರವಾಗಿರುವ ಹೆಂಡತಿ. ಗಂಡನ ಎದೆಯ ಮೇಲೆ ಕೈಯಿಟ್ಟು ಮುಂದಿನ ಉಸಿರಿಗಾಗಿ ಕಾಯುವ ಎಷ್ಟು ಮಂದಿ ಸಹೋದರಿಯರಿಲ್ಲ! ಅವರ ಮಾತನ್ನು ನಾವು ನಕ್ಕು ತೇಲಿಸಿಬಿಡುತ್ತೇವೆ. (ಈ ಕಾಯಿಲೆ ಹೆಂಗಸರಿಗೂ ಬರುತ್ತದೆ, ಮುಟ್ಟು ನಿಂತ ಬಳಿಕ ಇನ್ನೂ ಹೆಚ್ಚು. ಗೊರಕೆಯ ವಿಷಯ ಹೇಳಿಕೊಳ್ಳಲು ನಾಚಿ ಅವರು ವೈದ್ಯರ ಬಳಿಗೇ ಹೋಗುವುದಿಲ್ಲ.)

ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದಕ್ಕೊಂದು ಚಿಕಿತ್ಸೆಯನ್ನು ಪ್ರಕಟಿಸಿದರು. ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಕೋಣೆಯ ಗಾಳಿಯನ್ನೇ ಸತತವಾಗಿ ಊದುತ್ತಿದ್ದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಇಂದಿನ ಸಿಪ್ಯಾಪ್ ಯಂತ್ರ ಮಾಡುವುದು ಇಷ್ಟನ್ನೇ. ಅದರಲ್ಲಿ ಆಮ್ಲಜನಕದ ಸಿಲಿಂಡರ್ ಕೂಡಾ ಇಲ್ಲ. ಆದರೂ ಅದು ಮನೆಗೆ ಬಂದ ದಿನ ನೆಂಟರು ಸಾವಿನ ಮನೆಗೆ ಬಂದವರಂತೆ ಪಿಸುಗುಟ್ಟುತ್ತಾರೆ.

ಉಸಿರು ಕೊಡುವವನು ಅಲ್ಲಾಹನು, ಯಂತ್ರವೇಕೆ ಎಂದು ಕೇಳುವವರೂ ಇದ್ದಾರೆ. ಕನ್ನಡಕ ಹಾಕಿಕೊಂಡು ಕುರ್‌ಆನ್ ಓದುವವರು ಈ ಪ್ರಶ್ನೆ ಕೇಳಬಾರದು. ಇದಕ್ಕಿಂತ ಗಂಭೀರವಾದುದು ಸಬ್ರ್‌ನ ಹೆಸರಿನಲ್ಲಿ ನಡೆಯುವ ತಪ್ಪು. ಕಾಯಿಲೆಯನ್ನು ಸಹಿಸಿಕೊಂಡು ಸುಮ್ಮನಿರುವುದೇ ಸಬ್ರ್ ಎಂದು ಭಾವಿಸಿದ್ದೇವೆ. ಮುಖಕ್ಕೆ ಪಟ್ಟಿ ಬಿಗಿದುಕೊಂಡು, ಕೊಳವೆಯೊಡನೆ ಹೊರಳಾಡುತ್ತಾ, ಈ ರಾತ್ರಿಯೂ ನಾಳೆಯೂ ಅದನ್ನೇ ಧರಿಸುವುದಕ್ಕೆ ಬೇಕಾದ ಸಹನೆಗೆ ಏನೆನ್ನುತ್ತೀರಿ?

ಹೆದ್ದಾರಿಯಲ್ಲಿ ಲಾರಿ ಓಡಿಸುವ ಒಬ್ಬನನ್ನು ಊಹಿಸಿಕೊಳ್ಳಿ. ಕಾಯಿಲೆ ಇದೆಯೆಂದು ಆತನಿಗೆ ತಿಳಿದಿದೆ, ಯಂತ್ರವೂ ಮನೆಯಲ್ಲಿದೆ. ಚಿಕಿತ್ಸೆಯಿಲ್ಲದ ಅಪ್ನಿಯಾ ರಸ್ತೆ ಅಪಘಾತದ ಅಪಾಯವನ್ನು ಹೆಚ್ಚಿಸುತ್ತದೆಂಬುದು ಸಾಬೀತಾದ ವಿಷಯ. ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿದ ಕ್ಷಣದಲ್ಲಿ ಅವನು ನಿದ್ದೆಯಲ್ಲಿದ್ದ, ಒಪ್ಪೋಣ. ಆದರೆ ಹಿಂದಿನ ರಾತ್ರಿ ಮಾಸ್ಕನ್ನು ಮಂಚದ ಕೆಳಗೆ ತಳ್ಳಿದ ಕೈ ಎಚ್ಚರವಾಗಿತ್ತಲ್ಲವೇ? ಅವನ ಹೊಣೆ ಆ ಎಚ್ಚರದ ಕ್ಷಣದಲ್ಲಿದೆ. ಕಾಯಿಲೆಯ ಅರಿವೇ ಇಲ್ಲದವನ ಮಾತು ಬೇರೆ. ಅರೆನಿದ್ದೆಯಲ್ಲಿ ತನಗರಿವಿಲ್ಲದೆ ಮಾಸ್ಕ್ ಕಿತ್ತವನನ್ನೂ ದೂರಬಾರದು. ಮೊದಲ ವಾರಗಳಲ್ಲಿ ಅನೇಕರಿಗೆ ಹೀಗಾಗುತ್ತದೆ. ಇನ್ನು ಹತ್ತಾರು ಸಾವಿರ ರೂಪಾಯಿ ಕೊಟ್ಟು ಕೊಳ್ಳಲಾಗದವನ ಹೊಣೆ ಅವನೊಬ್ಬನದೇ ಎನ್ನಲಾಗದು. ಅನುಕೂಲವುಳ್ಳ ಸಹೋದರರು, ಜಮಾಅತಿನವರು ಅದರಲ್ಲಿ ಪಾಲುದಾರರು.

ರೂಢಿಯಾಗುವುದಕ್ಕೆ ಉಪಾಯಗಳಿವೆ. ಹಗಲಲ್ಲಿ ಎಚ್ಚರವಿರುವಾಗಲೇ ಮಾಸ್ಕ್ ಹಾಕಿ ಅರ್ಧ ಗಂಟೆ ಏನಾದರೂ ಓದುತ್ತಾ ಕುಳಿತುಕೊಳ್ಳಿ. ಒತ್ತಡ ಕಡಿಮೆಯಿಂದ ಆರಂಭವಾಗಿ ಮೆಲ್ಲಮೆಲ್ಲನೆ ಏರುವ ವ್ಯವಸ್ಥೆ ಹೆಚ್ಚಿನ ಯಂತ್ರಗಳಲ್ಲಿದೆ. ಬಾಯಿ, ಮೂಗು ಒಣಗಿದರೆ ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿಯಿದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಮಲಗುವ ಮುನ್ನ ವುಝೂ ಮಾಡಿ ಮುಖ ಒರೆಸಿಕೊಂಡರೆ ಜಿಡ್ಡು ಹೋಗಿ ಮಾಸ್ಕ್ ಚೆನ್ನಾಗಿ ಕೂರುತ್ತದೆ. ಗಡ್ಡವಿರುವವರಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್‌ನ ಅಂಚಿನಿಂದ ಗಾಳಿ ಸೋರುವುದುಂಟು. ಅದಕ್ಕಾಗಿ ಗಡ್ಡ ಬೋಳಿಸಬೇಕೇನೋ ಎಂದು ಗಾಬರಿಯಾಗಬೇಡಿ. ಮೂಗಿನ ಹೊಳ್ಳೆಗಳಿಗಷ್ಟೇ ಕೂರುವ ಸಣ್ಣ ಸಿಲಿಕೋನ್ ಮಾಸ್ಕ್ ಸಿಗುತ್ತದೆ, ಅದು ನಿಮಗೆ ಹೊಂದುವುದೇ ಎಂದು ವೈದ್ಯರನ್ನು ಕೇಳಿ.

ಯಂತ್ರ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಧರಿಸಿದಷ್ಟು ಹೊತ್ತು ಕಾಯುತ್ತದೆ, ಅಷ್ಟೇ. ಆದ್ದರಿಂದ ತಹಜ್ಜುದ್‌ಗೆ ಎದ್ದು ಮತ್ತೆ ಮಲಗುವವರು, ರಮಝಾನ್‌ನಲ್ಲಿ ಸಹರಿ, ಫಜ್ರ್ ಮುಗಿಸಿ ಒರಗುವವರು, ಇನ್ನೊಂದು ಗಂಟೆಗಾಗಿ ಯಾಕೆ ಎಂದು ಮಾಸ್ಕ್ ಬಿಡುವುದು ಸರಿಯಲ್ಲ. ಅನೇಕರಿಗೆ ಉಸಿರು ಹೆಚ್ಚು ನಿಲ್ಲುವುದು ಬೆಳಗಿನ ಜಾವದ ಆ ನಿದ್ದೆಯಲ್ಲಿಯೇ. ಉಪವಾಸದ ಹೊತ್ತಿನಲ್ಲಿ ನೀರಿನ ತೊಟ್ಟಿಯಿಲ್ಲದೆ ಬರಿಯ ಗಾಳಿಯಲ್ಲೂ ಯಂತ್ರ ನಡೆಯುತ್ತದೆ.