ಫಿಲಿಪ್ಪಿಯ ಸೆರೆಮನೆಯಲ್ಲಿ ಕೇಳಿಸಿಕೊಂಡವರು

ಕಾಯಿಲೆಯವರ ಮನೆಗೆ ಪ್ರಾರ್ಥನೆಗೆ ಹೋದಾಗ ನಮ್ಮವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಪೌಲ ಸೀಲರು ಹಾಡಿದರು, ಸೆರೆಮನೆಯ ಬಾಗಿಲು ತೆರೆಯಿತು, ನೀವೂ ಸ್ತೋತ್ರ ಮಾಡಿ, ನಿಮ್ಮ ಬಾಗಿಲೂ ತೆರೆಯುತ್ತದೆ. ಸ್ತುತಿಗೆ ಬಲವಿದೆ ಎಂದು ನಾನೂ ಮನಸಾರೆ ನಂಬುತ್ತೇನೆ. ಅದನ್ನು ಹೀಗೆ ಕೊಟ್ಟು ತೆಗೆದುಕೊಳ್ಳುವ ಲೆಕ್ಕಕ್ಕೆ ಇಳಿಸಿದಾಗ ಮಾತ್ರ ಸಂಕಟವಾಗುತ್ತದೆ.

ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಫಿಲಿಪ್ಪಿಯಲ್ಲಿ ಅವರಿಬ್ಬರ ಬಟ್ಟೆ ಕಿತ್ತು, ಕೋಲುಗಳಿಂದ ಬಡಿದು, ಒಳಕೋಣೆಗೆ ತಳ್ಳಿ, ಕಾಲಿಗೆ ಕೋಳ ತೊಡಿಸಿದ್ದರು. ಸೆರೆಯ ಯಜಮಾನ ಆ ಗಾಯಗಳನ್ನು ತೊಳೆದದ್ದು ಬಾಗಿಲು ತೆರೆಸಿದ ಭೂಕಂಪವೆಲ್ಲ ಆದ ಮೇಲೆ. ನಡುರಾತ್ರಿ ಹಾಡುವಾಗ ನೆಲ ನಡುಗುವ ಸುಳಿವೇ ಅವರಿಗಿರಲಿಲ್ಲ. ಬಾಗಿಲು ತೆರೆದ ಮೇಲಾದರೂ ಓಡಿದರೇ? ಇಲ್ಲ, ಅಲ್ಲೇ ಇದ್ದರು. ಬಾಗಿಲಿಗಾಗಿ ಹಾಡಿದವರು ಹಾಗೆ ಉಳಿಯುವುದಿಲ್ಲ. ಅದೇ ಪುಸ್ತಕದ 12ನೇ ಅಧ್ಯಾಯದಲ್ಲಿ ದೂತನು ಪೇತ್ರನನ್ನು ಬಿಡಿಸುತ್ತಾನೆ. ಯಾಕೋಬ ಹೆರೋದನ ಕತ್ತಿಗೆ ಬಲಿಯಾಗುತ್ತಾನೆ. ಯಾಕೋಬನ ಸ್ತೋತ್ರ ಸಾಲದಾಯಿತು ಎನ್ನುವ ಧೈರ್ಯ ಯಾರಿಗಿದೆ?

ನಾನು ಪ್ರತಿಸಲವೂ ತಡೆದು ನಿಲ್ಲುವುದು ಅಲ್ಲಿರುವ ಒಂದು ಸಣ್ಣ ವಿವರದ ಹತ್ತಿರ. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರಂತೆ. ಅವರ ಹೆಸರಿಲ್ಲ, ಅಪರಾಧ ಏನೆಂದು ಹೇಳಿಲ್ಲ, ಹಾಡಿಗೆ ದನಿಗೂಡಿಸಿದರೆಂದೂ ಇಲ್ಲ. ಆದರೂ ಬೇಡಿ ಕಳಚಿದ್ದು ಎಲ್ಲರದ್ದೂ.

ಅಪ್ಪನ ಅಂತ್ಯಕ್ರಿಯೆಯ ದಿನ ನಾನೂ ಅವರಲ್ಲೊಬ್ಬಳಾದೆ. ಚಿಕ್ಕಂದಿನಿಂದ ಗಾಯಕವೃಂದದಲ್ಲಿ ಆಲ್ಟೋ ಹಾಡಿದವಳು, ಅವತ್ತು ಮಂಗಳೂರಿನ ನಮ್ಮ ದೇವಾಲಯದ ಮುಂದಿನ ಬೆಂಚಿನಲ್ಲಿ ಪುಸ್ತಕ ತೆರೆದು ನಿಂತರೆ ಗಂಟಲು ಕಟ್ಟಿಹೋಗಿತ್ತು. ಅಪ್ಪ ಬೇಸ್ ಹಾಡುತ್ತಿದ್ದವರು. ಎಪ್ಪತ್ತು ದಾಟಿದ ಅವರ ಗೆಳೆಯರು ಹಿಂದಿನ ಸಾಲಿನಿಂದ ಅದೇ ಬೇಸ್ ಎತ್ತಿದರು. ಒಬ್ಬರ ದನಿ ಒಡೆದಾಗ ಪಕ್ಕದವರು ಗಟ್ಟಿ ಮಾಡಿದರು. ನಾನು ಒಂದು ಸಾಲೂ ಹಾಡಲಿಲ್ಲ. ಅವತ್ತಿನ ನನ್ನ ಸ್ತುತಿಯನ್ನು ಅವರು ದೇವರಿಗೆ ಮುಟ್ಟಿಸಿದರೆಂದೇ ನಂಬಿದ್ದೇನೆ.

ನಾವು ಹಾಡುವ ರಾಗಗಳಲ್ಲಿ ಹಲವು ಜರ್ಮನ್ ಮೂಲದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಂದು ಕನ್ನಡದ ಮಾತಿಗೆ ಕೂಡಿಸಿದವು. ಜರ್ಮನಿಯ ಐಲೆನ್‌ಬುರ್ಗ್ ಎಂಬ ಪಟ್ಟಣದಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಸಭಾಪಾಲಕರಿದ್ದರು. ಮೂವತ್ತು ವರ್ಷಗಳ ಯುದ್ಧದ ನಡುವೆ, 1637ರಲ್ಲಿ, ಊರಿಗೆ ಪ್ಲೇಗ್ ಬಂತು. ಅವರು 4,000ಕ್ಕೂ ಹೆಚ್ಚು ಮಂದಿಯ ಅಂತ್ಯಕ್ರಿಯೆ ನಡೆಸಿದರು. ಹೆಂಡತಿಯನ್ನೂ ಅದೇ ವರ್ಷ ಕಳೆದುಕೊಂಡರು. ಇವತ್ತಿಗೂ ಸಭೆಗಳು ಹಾಡುವ ಅವರ ಕೃತಜ್ಞತೆಯ ಗೀತೆ ಮೊದಲು ಮನೆಯ ಊಟದ ಹೊತ್ತಿನ ಪ್ರಾರ್ಥನೆಯಾಗಿತ್ತು. ದಿನವೂ ಊಟದ ಮುಂದೆ ಹೇಳಿ ಅಭ್ಯಾಸವಾದದ್ದು ಸಾವಿನ ಮನೆಯಲ್ಲೂ ನಾಲಿಗೆಯ ಮೇಲೆ ನಿಂತಿತೇನೋ. ಆದ್ದರಿಂದಲೇ, ಏನೂ ಕಷ್ಟವಿಲ್ಲದ ಭಾನುವಾರಗಳ ಹಾಡು ನನಗೆ ಬಹಳ ಮುಖ್ಯ.

ಕೀರ್ತನೆಗಳ ಪುಸ್ತಕವೂ ಅಳುವವರನ್ನು ಹೊರಗಿಟ್ಟಿಲ್ಲ. ಅದರ 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಈಗ ಯಾರ ಮನೆಗೆ ಹೋದರೂ ಮೊದಲು ಕೇಳುತ್ತೇನೆ, ಯಾವ ಹಾಡು ಬೇಕೆಂದು. ಹಾಡು ಬೇಡವೆಂದರೆ ಆ 88ನ್ನು ಓದುತ್ತೇವೆ. ಹಾಡುವುದಾದರೆ ಎಲ್ಲ ಚರಣಗಳನ್ನೂ ಹಾಡುತ್ತೇವೆ. ಹಾಸಿಗೆಯಲ್ಲಿರುವವರು ಬಾಯಿ ತೆರೆಯದಿದ್ದರೆ ಸ್ತೋತ್ರ ಹೇಳಿ ಎಂದು ಒತ್ತಾಯಿಸಬೇಡಿ, ಅವರ ಪಾಲನ್ನೂ ನಾವೇ ಹಾಡೋಣ ಎಂದು ಜೊತೆಯವರನ್ನು ಕೇಳಿಕೊಂಡಿದ್ದೇನೆ.