ಬಿರುಕು ಮುಚ್ಚುವುದೋ, ಬಿರುಕು ಹೇಳುವುದೋ?

ವಿಲೆಟನ್‌ನ ನಮ್ಮ ಮನೆಯ ಗರಾಜಿನಲ್ಲಿ ಮೂರು ವರ್ಷ ಒಂದು 1957ರ ಮಾರಿಸ್ ಆಕ್ಸ್‌ಫರ್ಡ್ ಇತ್ತು. ಅದನ್ನು ಕಂಡ ಕನ್ನಡಿಗರೆಲ್ಲ "ಅರೆ, ನಮ್ಮ ಅಂಬಾಸಡರ್!" ಎಂದವರೇ. ಅದರಲ್ಲಿ ತಪ್ಪೇನಿಲ್ಲ. ಆಕ್ಸ್‌ಫರ್ಡ್‌ನ ಮೂರನೆಯ ಸರಣಿಯನ್ನೇ ಹಿಂದೂಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ಅಂಬಾಸಡರ್ ಎಂಬ ಹೆಸರಿನಲ್ಲಿ ತಯಾರಿಸಿದರು. ಈ ಕಾರನ್ನು ಮಾರುವಾಗ ನಮ್ಮಿಬ್ಬರಿಗೆ ಎದುರಾದ ಒಂದು ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡೋಣ ಎನ್ನಿಸಿತು.

ಕೊಂಡ ಎರಡನೇ ತಿಂಗಳಿಗೇ ಡ್ರೈವರ್ ಬಾಗಿಲು ಜೋತುಬಿತ್ತು. ಮುಚ್ಚಬೇಕಾದರೆ ಸ್ವಲ್ಪ ಎತ್ತಿ ತಳ್ಳಬೇಕು. ಬಿಜಾಗರಿ ಸಡಿಲವಾಗಿರಬೇಕೆಂದು ಬಿಚ್ಚಿದೆವು. ನೋಡಿದರೆ ಅದನ್ನು ಹಿಡಿದಿರುವ ಲೋಹದ ಬ್ರ್ಯಾಕೆಟ್ಟೇ ಬಿರುಕು ಬಿಟ್ಟಿದೆ! ಬಿರುಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ನಮಗೆ ಮಾರಿದವರನ್ನು ಆ ವಾರವೆಲ್ಲ ಮನಸಾರೆ ಬೈದೆವು.

ಹಳೆಯ ಕಾರುಗಳ ಕೆಲಸ ಬಲ್ಲ ಹಿರಿಯರೊಬ್ಬರು ಹೇಳಿಕೊಟ್ಟದ್ದೇ ನಿಜವಾದ ಪಾಠ. ಬ್ರ್ಯಾಕೆಟ್ ತಾನಾಗಿ ಒಡೆದದ್ದಲ್ಲ. ಬಿಜಾಗರಿಯ ಪಿನ್ನು ವರ್ಷಗಟ್ಟಲೆ ಎಣ್ಣೆ ಕಾಣದೆ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಪಿನ್ನು ತಿರುಗದಿದ್ದಾಗ ಬಾಗಿಲು ತೆರೆದಾಗಲೆಲ್ಲ ಬ್ರ್ಯಾಕೆಟ್ ಕೂದಲೆಳೆಯಷ್ಟು ಬಾಗುತ್ತದೆ. ಹೀಗೆ ಸಾವಿರಾರು ಸಲ ಬಾಗಿ ಲೋಹ ದಣಿಯುತ್ತದೆ; ಬೋಲ್ಟಿನ ತೂತಿನ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ಕಾಲೇಜಿನಲ್ಲಿ ಫಟೀಗ್ ಎಂಬ ಪಾಠವನ್ನು ಪರೀಕ್ಷೆಗಾಗಿ ಓದಿ ಮರೆತಿದ್ದೆವು. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹಾಕಿದಾಗ ಕಣ್ಣಿಗೆ ಕಂಡದ್ದಕ್ಕಿಂತ ಬಿರುಕು ಉದ್ದವಾಗಿಯೇ ಮೂಡಿಬಂತು. ಅದರ ತುದಿಯಲ್ಲಿ ಸಣ್ಣ ತೂತು ಕೊರೆದರೆ ಮೊನಚು ಹೋಗಿ ಬಿರುಕು ಮುಂದಕ್ಕೆ ಓಡುವುದಿಲ್ಲ. ಆಮೇಲೆ ಬಿರುಕಿನುದ್ದಕ್ಕೂ ಕಾಲುವೆಯಂತೆ ಉಜ್ಜಿ, ವೆಲ್ಡಿಂಗ್ ಮಾಡಿ, ಹಿಂದೆ ಒಂದು ತಗಡಿನ ಆಸರೆ ಕೊಟ್ಟೆವು. ಪಿನ್ನು ಬಿಡಿಸಿ ಎಣ್ಣೆ ಬಿಡದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ, ವೆಲ್ಡಿಂಗಿನ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ ಎಂದರು ಆ ಹಿರಿಯರು. ಕೊನೆಗೆ ಗ್ರೈಂಡ್ ಮಾಡಿ ಬಣ್ಣ ಬಳಿದೆವು. ಹೊಸದರಂತೆ ಕಂಡಿತು.

ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಈ ವರ್ಷ ಪರಿಚಯದ ಕನ್ನಡ ಕುಟುಂಬವೊಂದು ಕಾರು ಬೇಕೆಂದು ಬಂತು. ತಂದೆಯವರ ಎಪ್ಪತ್ತನೇ ವರ್ಷದ ಶಾಂತಿಗೆ ಉಡುಗೊರೆಯಂತೆ. ಅವರು ಊರಿನಲ್ಲಿ ಅಂಬಾಸಡರ್ ಓಡಿಸಿದವರು. ಮಗ ಬಂದು ಬಾಗಿಲು ತೆರೆದು ಮುಚ್ಚಿ, "ಎಷ್ಟು ಚೆನ್ನಾಗಿದೆ!" ಎಂದರು. ಬೇರೇನೂ ಕೇಳಲಿಲ್ಲ.

ಹೇಳಬೇಕೇ? ಕ್ವೀನ್ಸ್‌ಲ್ಯಾಂಡಿನಲ್ಲಿ ನೋಂದಣಿಯಿರುವ ಕಾರು ಮಾರುವವರು ಸಾಮಾನ್ಯವಾಗಿ ಸೇಫ್ಟಿ ಸರ್ಟಿಫಿಕೇಟ್ ಮಾಡಿಸಲೇಬೇಕು. ಇಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿರುವ ಕಾರನ್ನು ಖಾಸಗಿಯಾಗಿ ಮಾರಲು ಅದು ಕಡ್ಡಾಯವಲ್ಲ. ಅಂದರೆ ಇಲ್ಲಿ ಕೇಳುವವರು ಯಾರೂ ಇಲ್ಲ, ನಮ್ಮ ಮನಸ್ಸನ್ನು ಬಿಟ್ಟು.

ಮನಸ್ಸೋ ದೊಡ್ಡ ವಕೀಲ! ನಾವು ಪುಟ್ಟಿ ಮೆತ್ತಿದವರಲ್ಲ, ಸರಿಯಾಗಿಯೇ ರಿಪೇರಿ ಮಾಡಿದ್ದೇವೆ ಎಂದಿತು. ಶುಭಕಾರ್ಯದ ಹೊತ್ತಿನಲ್ಲಿ ಬಿರುಕಿನ ಮಾತೇಕೆ ಎಂದಿತು. ಅಪ್ರಿಯವಾದ ಸತ್ಯವನ್ನು ನುಡಿಯಬಾರದು ಎಂಬ ಮನುಸ್ಮೃತಿಯ ಮಾತನ್ನೂ ನೆನಪಿಸಿತು. ನಾವೆಲ್ಲ ಅನುಕೂಲಕ್ಕೆ ತಕ್ಕಂತೆ ಬಳಸುವ ಮಾತು ಅದು. ಆದರೆ ಪ್ರಿಯವಾದ ಸುಳ್ಳನ್ನೂ ನುಡಿಯಬಾರದು ಎಂದು ಅದೇ ಶ್ಲೋಕ ಮುಂದುವರಿಯುತ್ತದೆ. ಆ ಅರ್ಧ ಮಾತ್ರ ನಮಗೆ ನೆನಪಾಗುವುದು ತಡ. ಧರ್ಮರಾಯನೂ ಅಶ್ವತ್ಥಾಮನ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. ಕೇಳುವವರಿಗೆ ಕೇಳಿಸದಂತೆ ನಿಜ ಹೇಳಿದ, ಅಷ್ಟೇ. ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ರಥ ನೆಲಕ್ಕಿಳಿಯಿತು. ನಮ್ಮ ಆಕ್ಸ್‌ಫರ್ಡ್ ಮೊದಲೇ ನೆಲದ ಮೇಲಿತ್ತು, ಆ ಮಾತು ಬೇರೆ.

ನಮಗೆ ತೋರುವುದು ಇಷ್ಟು. ಬಿರುಕನ್ನು ನಾವು ಅಲ್ಲಿ ಕೂತು ಕೊರಗಲೆಂದು ಹೇಳುವುದಿಲ್ಲ. ಆ ಪಿನ್ನಿಗೆ ಆಗಾಗ ಎಣ್ಣೆ ಬಿಡಬೇಕು, ಬಾಗಿಲು ಬಿಗಿಯಾದರೆ ಬಲವಂತ ಮಾಡಬಾರದು, ಆ ಜಾಗವನ್ನು ನೋಡುತ್ತಿರಬೇಕು. ಗೊತ್ತಿಲ್ಲದವರು ಇದನ್ನು ಮಾಡುವುದು ಹೇಗೆ? ರಿಪೇರಿ ಚೆನ್ನಾಗಿದ್ದಷ್ಟೂ ಹೇಳುವ ಹೊಣೆ ಹೆಚ್ಚು, ಏಕೆಂದರೆ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಹೇಳಿದೆವು. ಬಿಚ್ಚಿದಾಗ ತೆಗೆದ ಫೋಟೋಗಳನ್ನೂ ಕೊಟ್ಟೆವು. ಮಗನ ಮುಖ ಸಪ್ಪಗಾಯಿತು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದರು. ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಬಂದು ಬೆಲೆ ಸಾಕಷ್ಟು ಇಳಿಸಿಯೇ ಕೊಂಡರು. ನಮಗೆ ಬೇಸರವಾಗಲಿಲ್ಲ ಎಂದರೆ ಈ ಲೇಖನವೇ ಸುಳ್ಳಾದೀತು.

ಒಂದು ವಿಷಯ ಮಾತ್ರ ಇನ್ನೂ ಕಾಡುತ್ತಿದೆ. ಆ ಪುಟ್ಟಿಯ ಮೇಲಿದ್ದ ಬಣ್ಣ ಬಹಳ ಹಳೆಯದು, ಅಲ್ಲಲ್ಲಿ ಸಿಪ್ಪೆಯೆದ್ದಿತ್ತು. ನಮಗೆ ಮಾರಿದವರಿಗೂ ಬಹುಶಃ ಯಾರೂ ಹೇಳಿರಲಿಲ್ಲ. ಅವರನ್ನು ಬೈದಾಗ ಇದು ನಮಗೆ ಹೊಳೆಯಲೇ ಇಲ್ಲ.